ಹತ್ತು ತುಂಡಿನ ಕ್ಷಮಾಪಣೆ

“ಕಳ್ಳತನ ಮಾಡಿ ಸ್ಕೂಲು ಬಿಟ್ಟವನ ಕೈಗೇ ನಾನು ದೂರು ಕೊಡಬೇಕಾ? ಇದೇನು ಪೊಲೀಸ್ ಠಾಣೆಯೋ, ಕಳ್ಳರ ಸಂತೆಯೋ?”

ಕೌಂಟರಿನ ಆಚೆ ನಿಂತ ಹೆಡ್ ಮೇಡಂ ಹೀಗಂದಾಗ ಸೋಮವಾರ ಬೆಳಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷ. ನಾಲ್ಕು ವರ್ಷದ ಹಿಂದೆ ಗಂಟಲ ಆಪರೇಷನ್ ಆದಮೇಲೆ ಅವರ ದನಿ ಒಡಕು ಕೊಳವೆಯ ಹಾಗೆ ಗೊರಗೊರ ಎನ್ನುತ್ತಿತ್ತು. ಆದರೂ ಒಂದಕ್ಷರ ಯಾರ ಕಿವಿಗೂ ತಪ್ಪಲಿಲ್ಲ. ಬೆಂಚಿನ ಮೇಲೆ ಬೈಕು ಕಳಕೊಂಡ ಒಬ್ಬನಿದ್ದ. ನೀರಿನ ಪೈಪಿಗಾಗಿ ಬಡಿದಾಡಿಕೊಂಡ ಅಕ್ಕಪಕ್ಕದ ಮನೆಯ ಇಬ್ಬರಿದ್ದರು. ಪಾಸ್‌ಪೋರ್ಟ್ ವಿಚಾರಣೆಗೆಂದು ಇಸ್ತ್ರಿ ಬಟ್ಟೆ ಹಾಕಿಕೊಂಡು ಬಂದ ಒಂದು ಸಂಸಾರವೇ ಇತ್ತು. ಎಲ್ಲರ ಕಣ್ಣೂ ಕೌಂಟರಿನ ಈಚೆ ಕೂತ ಕಾನ್‌ಸ್ಟೆಬಲ್ ಮೇಲೆ ನೆಟ್ಟಿತು. ಬಡಿದಾಡಿಕೊಂಡವರಿಬ್ಬರೂ ತಮ್ಮ ಜಗಳ ಮರೆತು ಒಬ್ಬರಿಗೊಬ್ಬರು ಹುಬ್ಬು ಹಾರಿಸಿಕೊಂಡರು.

ಆ ಕಾನ್‌ಸ್ಟೆಬಲ್‌ಗೆ ಠಾಣೆಯಲ್ಲಿ ಕಡ್ಡಿ ಎಂದೇ ಹೆಸರು. ಮೈಯೂ ಬೆಂಕಿಕಡ್ಡಿ, ಸ್ವಭಾವವೂ ಬೆಂಕಿಕಡ್ಡಿ; ಗೀರಿದರೆ ಸಾಕು. ವಯಸ್ಸು ಇಪ್ಪತ್ತೈದು. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟು ಗ್ಯಾರೇಜಿನಲ್ಲಿ ಸ್ಪ್ಯಾನರು ಹಿಡಿದು, ಮನೆಯಲ್ಲೇ ಓದಿ ಪರೀಕ್ಷೆ ಕಟ್ಟಿದ್ದವನು, ಕಾನ್‌ಸ್ಟೆಬಲ್ ಆಗಿದ್ದ ಅಪ್ಪ ಡ್ಯೂಟಿಯಲ್ಲಿರುವಾಗಲೇ ತೀರಿಕೊಂಡ ಮೇಲೆ ಅನುಕಂಪದ ಆಧಾರದ ಮೇಲೆ ಈ ಕೆಲಸಕ್ಕೆ ಸೇರಿದ್ದ. ಪ್ರೊಬೇಷನ್ ಮುಗಿಯಲು ಇನ್ನೂ ಹತ್ತು ತಿಂಗಳಿತ್ತು.

ಕಡ್ಡಿಯ ಕಿವಿ ಕೆಂಪಗಾಯಿತು. ಬಾಯಿ ತೆರೆದ. ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಬಾಗಿಲಿಗೆ ಬಂದು, ಕೈಯಲ್ಲಿದ್ದ ಪೆನ್ಸಿಲ್ಲನ್ನು ತುಟಿಗೆ ಅಡ್ಡ ಹಿಡಿದರು. ಬಾಯಿ ಮುಚ್ಚಿತು.

“ಒಳಗೆ ಬನ್ನಿ ಮೇಡಂ,” ಎಂದರು ಇನ್ಸ್‌ಪೆಕ್ಟರ್. “ರೈಟರ್, ನೀವೂ ಬನ್ನಿ. ಕಡ್ಡಿ, ನೀನೂ.”

“ಅವನು ಯಾಕೆ?”

“ಅವನನ್ನೇ ಅಂದ್ರಿ ತಾನೆ? ಎದುರಿಗೇ ಹೇಳಿ.”

ದೂರು ಇಷ್ಟು. ಅಂದು ಬೆಳಗ್ಗೆ ಏಳು ಐವತ್ತಕ್ಕೆ ಸ್ಕೂಲಿನ ಪೋಷಕರ ಗುಂಪಿಗೆ ಗೊತ್ತಿಲ್ಲದ ನಂಬರಿನಿಂದ ಒಂದು ಲಿಂಕ್ ಬಂದಿತ್ತು. ಒತ್ತಿದರೆ ಮೂರು ನಿಮಿಷ ಹತ್ತು ಸೆಕೆಂಡಿನ ಆಡಿಯೊ. ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಫೋನ್ ಇಟ್ಟು ಹಾಕಿದರು. ಹೆಡ್ ಮೇಡಂ ದನಿಯೇ.

“ಎಲ್ಲ ತಂದೆತಾಯಿಯರಿಗೆ ನಮಸ್ಕಾರ. ನಾನು ನಿಮ್ಮ ಹೆಡ್ ಮೇಡಂ. ಹೋಗುವ ಮುಂಚೆ ಒಂದು ತಪ್ಪು ಒಪ್ಪಿಕೊಳ್ಳಬೇಕು. ಹನ್ನೆರಡು ವರ್ಷದ ಹಿಂದೆ ಎಂಟನೇ ಕ್ಲಾಸಿನ ಒಬ್ಬ ಹುಡುಗನನ್ನು ಇಡೀ ಸ್ಕೂಲಿನ ಮುಂದೆ ವೇದಿಕೆ ಹತ್ತಿಸಿ ಮೈಕ್ ಕಳ್ಳ ಅಂದೆ. ಅವನು ಕದ್ದಿರಲಿಲ್ಲ. ವಿಚಾರಿಸದೆ ಅಂದೆ. ಅವನು ಓದು ಬಿಟ್ಟ. ಆ ಹುಡುಗನ ಕ್ಷಮೆ ಕೇಳುತ್ತೇನೆ…”

ಹೀಗೇ ಇನ್ನೂ ಎರಡು ನಿಮಿಷ ಹೋಯಿತು. ಹೆಡ್ ಮೇಡಂ ಕಣ್ಣು ಮುಚ್ಚಿ ಕೇಳಿದರು. ಕಡ್ಡಿ ಗೋಡೆಗೆ ಅಂಟಿಕೊಂಡ.

“ನಾನು ಇದನ್ನ ಹೇಳಿಲ್ಲ,” ಎಂದರು ಮೇಡಂ. “ಈ ತಿಂಗಳು ರಿಟೈರ್ ಆಗ್ತೀನಿ. ಬರೋ ಶನಿವಾರ ಬೀಳ್ಕೊಡುಗೆ ಇಟ್ಟಿದ್ರು. ಬೆಳಗ್ಗಿಂದ ನಲವತ್ತು ಫೋನು. ‘ನಮ್ಮ ಮಗುಗೂ ಏನೋ ಅಂದಿದ್ರಲ್ಲ, ಅದಕ್ಕೂ ಕ್ಷಮೆ ಕೇಳಿ’ ಅಂತಾರೆ. ಕಮಿಟಿಯೋರು ‘ಸದ್ಯಕ್ಕೆ ಮನೇಲಿರಿ’ ಅಂದಿದಾರೆ. ಮೂವತ್ತೊಂದು ವರ್ಷ ದುಡಿದಿದೀನಿ ಸಾರ್. ಈಗ ಮನೇಲಿರಿ ಅಂತೆ.”

“ಯಾರ ಮೇಲೆ ಅನುಮಾನ?”

ಮೇಡಂ ಬೆರಳು ಎತ್ತಿದರು. ಆ ಬೆರಳು ಹನ್ನೆರಡು ವರ್ಷದ ಹಿಂದೆ ಇದ್ದಷ್ಟೇ ನೆಟ್ಟಗಿತ್ತು.

ಹನ್ನೆರಡು ಹದಿನೈದಕ್ಕೆ FIR ದಾಖಲಾಯಿತು. ಸೋಗು ಹಾಕಿ ವಂಚನೆ, ಮಾನಹಾನಿ. ಆರೋಪಿಯ ಹೆಸರಿನ ಜಾಗದಲ್ಲಿ, ಠಾಣೆಯ ಬರವಣಿಗೆಯೆಲ್ಲ ನೋಡಿಕೊಳ್ಳುವ ರೈಟರ್ ‘ಅಪರಿಚಿತ’ ಎಂದು ಬರೆದರು. ಬರೆಯುವ ಮುಂಚೆ ಒಂದು ಸಲ ಕಡ್ಡಿಯ ಮುಖ ನೋಡಿದರು.

*

ಮೇಡಂ ಹೋದಮೇಲೆ ಇನ್ಸ್‌ಪೆಕ್ಟರ್ ಬ್ಲೇಡಿನಿಂದ ಪೆನ್ಸಿಲ್ ಹೆರೆಯುತ್ತ ಕೂತರು. ಅವರಿಗೆ ಯೋಚನೆ ಬಂದರೆ ಪೆನ್ಸಿಲ್ ಚಿಕ್ಕದಾಗುತ್ತಿತ್ತು. ದೊಡ್ಡ ಕೇಸು ಬಂದರೆ ಬಾಕ್ಸೇ ಖಾಲಿ.

“ಫೋನ್ ಇಡು.”

ಕಡ್ಡಿ ತನ್ನ ಫೋನನ್ನು ಮೇಜಿನ ಮೇಲಿಟ್ಟ. ರೈಟರ್ ಪಂಚನಾಮೆ ಬರೆದರು. ಸಹೋದ್ಯೋಗಿಗಳಿಬ್ಬರು ಬಾಗಿಲಲ್ಲಿ ನಿಂತು ನೋಡಿದರು.

“ಮೈಕ್ ಕದ್ದಿದ್ಯಾ?”

“ಇಲ್ಲ ಸಾರ್.”

“ಈ ಆಡಿಯೊ ಮಾಡಿದ್ಯಾ?”

“ಇಲ್ಲ ಸಾರ್.”

“ಅದರಲ್ಲಿ ‘ಅವನು ಕದ್ದಿರಲಿಲ್ಲ’ ಅಂತ ಇದೆ. ಇರಬಹುದು ಅಂತಲ್ಲ, ಅನ್ಸುತ್ತೆ ಅಂತಲ್ಲ. ಕದ್ದಿರಲಿಲ್ಲ. ನೀನು ಕದ್ದಿಲ್ಲ ಅಂತ ಅಷ್ಟು ಗ್ಯಾರಂಟಿಯಾಗಿ ಯಾರಿಗೆ ಗೊತ್ತು?”

ಕಡ್ಡಿ ಉತ್ತರ ಹುಡುಕಿದ. ಅಮ್ಮನಿಗೆ ಗೊತ್ತಿತ್ತೇ? ಅಮ್ಮ ಅತ್ತಿದ್ದಳು, ಅಷ್ಟೆ. ಅಪ್ಪನಿಗೆ? ಅಪ್ಪ ಅಂದು ಯೂನಿಫಾರಂ ಕೂಡ ಬಿಚ್ಚದೆ ಮಗನ ಸ್ಕೂಲ್ ಬ್ಯಾಗನ್ನು ನೆಲಕ್ಕೆ ಸುರಿದು ಒಂದೊಂದೇ ಪುಸ್ತಕ ಕೊಡವಿದ್ದ. ಏನೂ ಸಿಗಲಿಲ್ಲ. ‘ತಗೊಂಡಿಲ್ಲ ತಾನೆ?’ ಎಂದು ಕೇಳಿದ್ದ. ಅದಾದ ಹತ್ತು ವರ್ಷದಲ್ಲಿ ಆ ಮಾತು ಮತ್ತೆ ಎತ್ತಲಿಲ್ಲ. ಎತ್ತದೇ ಸತ್ತ.

“ನನಗೆ ಮಾತ್ರ ಸಾರ್,” ಎಂದ ಕಡ್ಡಿ.

“ಅದೇ ನನ್ನ ತಲೆನೋವು.” ಇನ್ಸ್‌ಪೆಕ್ಟರ್ ಪೆನ್ಸಿಲ್ಲಿನ ಪುಡಿ ಊದಿದರು. “ಗುರುವಾರ ಸಂಜೆ ಮೇಲಿನೋರಿಗೆ ವರದಿ ಕಳಿಸಬೇಕು. ಅಷ್ಟರಲ್ಲಿ ಬೇರೆ ಯಾರೂ ಸಿಗದಿದ್ರೆ ನಿನ್ನ ಹೆಸರೇ ಹೋಗುತ್ತೆ. ಪ್ರೊಬೇಷನ್ನಲ್ಲಿ ಇರೋನನ್ನ ಸಸ್ಪೆಂಡ್ ಮಾಡಲ್ಲ ಕಣೋ, ಸೀದಾ ಮನೆಗೆ ಕಳಿಸ್ತಾರೆ. ಅಲ್ಲೀವರೆಗೂ ನನ್ನ ಜೊತೆ ಇರು. ಅನುಮಾನ ಬಂದ ಎತ್ತನ್ನ ಕಣ್ಣೆದುರೇ ಕಟ್ಟಬೇಕು.”

ಮಧ್ಯಾಹ್ನವೆಲ್ಲ ನಂಬರಿನ ಬೆನ್ನು ಹತ್ತಿದರು. ಅದು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುವ ತಾತ್ಕಾಲಿಕ ನಂಬರು. ಹತ್ತು ನಿಮಿಷ ಯಾರದೋ, ಮುಂದಿನ ಹತ್ತು ನಿಮಿಷ ಇನ್ಯಾರದೋ. ಆಡಿಯೊ ಇದ್ದ ತಾಣವೂ ಪುಕ್ಕಟೆ. ಫೈಲು ಏಳು ದಿನ ಇದ್ದು ತಾನಾಗೇ ಅಳಿದುಹೋಗುತ್ತದೆ. ಕಂಪನಿಗೆ ಕಳಿಸಿದ ನೋಟಿಸಿಗೆ ಎರಡೇ ನಿಮಿಷದಲ್ಲಿ ಉತ್ತರ ಬಂತು: ನಿಮ್ಮ ಮನವಿ ತಲುಪಿದೆ, ಮೂವತ್ತು ಕೆಲಸದ ದಿನಗಳಲ್ಲಿ ಪರಿಶೀಲಿಸುತ್ತೇವೆ, ನಮ್ಮ ಸೇವೆ ಹೇಗನಿಸಿತು, ನಕ್ಷತ್ರ ಕೊಡಿ.

ರೈಟರ್ ಒಂದು ನಕ್ಷತ್ರ ಕೊಟ್ಟರು. “ಕಮ್ಮಿ ಇದ್ದಿದ್ರೆ ಕಮ್ಮಿ ಕೊಡ್ತಿದ್ದೆ,” ಎಂದರು.

*

ಮಂಗಳವಾರ ಬೆಳಗ್ಗೆ ಒಂಬತ್ತೂವರೆಗೆ ಸ್ಕೂಲಿನ ಕಂಪ್ಯೂಟರ್ ಮೇಷ್ಟ್ರನ್ನು ಕರೆಸಿದರು. ಎಳೆಯ ವಯಸ್ಸು, ಬೆವರುವ ಕೈ. ದನಿ ನಕಲು ಮಾಡುವ ತಾಣ ತನಗೆ ಗೊತ್ತು, ಮಕ್ಕಳಿಗೆ ತೋರಿಸಿಯೂ ಇದ್ದೇನೆ ಎಂದು ತಾನಾಗೇ ಒಪ್ಪಿಕೊಂಡ.

“ತೋರ್ಸಿ,” ಎಂದರು ಇನ್ಸ್‌ಪೆಕ್ಟರ್.

ಯಾರ ದನಿ ಬೇಕು ಎಂಬ ಪ್ರಶ್ನೆ ಬಂದಾಗ ರೈಟರ್ ಮುಂದೆ ಬಂದರು. ಅವರಿಗೆ ಅಂತರ್ಜಾಲದ ಪುಕ್ಕಟೆ ಸಾಮಾನೆಂದರೆ ಪ್ರಾಣ. ಫೋಟೊ ಚಿಕ್ಕದು ಮಾಡುವುದು, ನಾಲ್ಕು ಫೈಲು ಸೇರಿಸಿ ಒಂದು ಮಾಡುವುದು, ಎಲ್ಲ ಅವರದೇ ಇಲಾಖೆ. ಅದಕ್ಕಾಗಿ ಒಂಬತ್ತು ಇಮೇಲ್ ವಿಳಾಸ ಸಾಕಿದ್ದರು. ಒಂದರ ಉಚಿತ ಅವಧಿ ಮುಗಿದರೆ ಇನ್ನೊಂದು. “ಬಿಟ್ಟಿ ಸಿಕ್ಕಿದ್ರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ,” ಎನ್ನುವರು.

ರೈಟರ್ ಒಂದು ನಿಮಿಷ ಮಾತಾಡಿದರು. ತಾಣ ನುಂಗಿತು. ಒಂದು ಚೌಕ ಬಂತು: ‘ಈ ದನಿಯನ್ನು ಬಳಸಲು ನನಗೆ ಹಕ್ಕಿದೆ.’ ಮೇಷ್ಟ್ರು ಟಿಕ್ ಹಾಕಿದ. ಎರಡು ಜಾಹೀರಾತು ಬಂದವು. ನಿಜವಾದ ಡೌನ್‌ಲೋಡ್ ಗುಂಡಿ ಯಾವುದು, ಮೋಸದ್ದು ಯಾವುದು ಎಂದು ಮೂವರೂ ಬಗ್ಗಿ ಹುಡುಕಿದರು. ಕೊನೆಗೆ ರೈಟರ್ ದನಿಯಲ್ಲೇ ಕಂಪ್ಯೂಟರು ಗಂಭೀರವಾಗಿ ಹೇಳಿತು: “ನಾಳೆ ಠಾಣೆಯ ಎಲ್ಲ ಸಿಬ್ಬಂದಿಗೆ ರಜೆ.”

ಬಾಗಿಲ ಹೊರಗಿದ್ದ ಇಬ್ಬರು ಕಾನ್‌ಸ್ಟೆಬಲ್‌ಗಳು ಇಣುಕಿದರು. “ಹೌದಾ ಅಣ್ಣಾ?”

“ಹೋಗ್ರೋ ಕೆಲಸ ನೋಡ್ಕೊಳಿ,” ಎಂದರು ನಿಜವಾದ ರೈಟರ್.

ಪುಕ್ಕಟೆಯಲ್ಲಿ ಒಂದು ಸಲಕ್ಕೆ ಇಪ್ಪತ್ತು ಸೆಕೆಂಡ್ ಮಾತ್ರ, ದಿನಕ್ಕೆ ಐದೇ ತುಂಡು ಎಂದು ಮೇಷ್ಟ್ರು ವಿವರಿಸಿದ. ಇನ್ಸ್‌ಪೆಕ್ಟರ್ ಕಾಗದದ ಮೇಲೆ ಲೆಕ್ಕ ಹಾಕಿದರು. ಮೂರು ನಿಮಿಷ ಹತ್ತು ಸೆಕೆಂಡಿಗೆ ಹತ್ತು ತುಂಡು. ಎರಡು ದಿನದ ಕೆಲಸ. ಶನಿವಾರ ಐದು, ಭಾನುವಾರ ಐದು, ಸೋಮವಾರ ಬೆಳಗ್ಗೆ ಹಂಚಿಕೆ.

“ಶನಿವಾರ ಭಾನುವಾರ ಎಲ್ಲಿದ್ರಿ?”

“ಮನೇಲೇ ಸಾರ್. ಆದ್ರೆ ನಾನಲ್ಲ ಸಾರ್! ನನ್ನ ಅಕೌಂಟ್ ತೆಗೆದು ನೋಡಿ ಸಾರ್!”

ನೋಡಿದರು. ಅಕೌಂಟಿನಲ್ಲಿ ಆಮೆ ಮೊಲದ ಕತೆ ಮಾತ್ರ ಇತ್ತು. ಆದರೂ ಇನ್ಸ್‌ಪೆಕ್ಟರ್ ಮುಖ ಸಡಿಲಾಗಲಿಲ್ಲ. ಆಗ ಕಡ್ಡಿ ಗೋಡೆಯಿಂದ ಬಿಡಿಸಿಕೊಂಡು ಮುಂದೆ ಬಂದ.

“ಅವರಲ್ಲ ಸಾರ್. ಅವರು ಸ್ಕೂಲಿಗೆ ಸೇರಿ ಎರಡು ವರ್ಷ. ಆಡಿಯೊದಲ್ಲಿರೋದು ಆಪರೇಷನ್ ಆಗೋಕೆ ಮುಂಚಿನ ದನಿ. ಈಗಿನ ಗೊರಗೊರ ಎಲ್ಲಿದೆ ಅದರಲ್ಲಿ? ಗಂಟೆ ಹೊಡೆದ ಹಾಗಿದೆ. ಹಳೇ ರೆಕಾರ್ಡಿಂಗ್‌ನಿಂದ ತೆಗೆದಿದಾರೆ.”

“ಹಳೇ ದನಿ ನಿನಗೆ ಇಷ್ಟು ಚೆನ್ನಾಗಿ ಹೇಗೆ ನೆನಪಿದೆ?” ಎಂದರು ಇನ್ಸ್‌ಪೆಕ್ಟರ್.

“ಮರೆಯೋಕೆ ಬಿಟ್ರೆ ತಾನೆ ಸಾರ್.”

ಹೇಳಿದ ಮೇಲೆ ಕಡ್ಡಿಗೆ ಹೊಳೆಯಿತು, ಮೇಷ್ಟ್ರನ್ನು ಬಿಡಿಸಲು ಹೋಗಿ ಹಗ್ಗವನ್ನು ತನ್ನ ಕೊರಳಿಗೇ ಹಾಕಿಕೊಂಡೆ ಎಂದು. ಇನ್ಸ್‌ಪೆಕ್ಟರ್ ಹೊಸ ಪೆನ್ಸಿಲ್ ತೆಗೆದರು.

ಸ್ಕೂಲಿನಲ್ಲಿ ವಿಚಾರಿಸಿದರೆ ಹಳೆಯ ರೆಕಾರ್ಡಿಂಗು ಒಂದೂ ಇರಲಿಲ್ಲ. ಕಾರ್ಯಕ್ರಮದ ಏರ್ಪಾಡೆಲ್ಲ ನೋಡಿಕೊಳ್ಳುತ್ತಿದ್ದ ಗುಮಾಸ್ತ ರಜೆಯ ಮೇಲಿದ್ದ, ಬುಧವಾರ ಬರುವವನಿದ್ದ.

*

ಬುಧವಾರ ಬೆಳಗ್ಗೆ ಹತ್ತು ಗಂಟೆ. ಠಾಣೆಯ ಕಂಪ್ಯೂಟರಿಗೆ ಕಿವಿಗವಸು ಸಿಕ್ಕಿಸಿಕೊಂಡು ಕಡ್ಡಿ ಆ ಆಡಿಯೊವನ್ನು ಇಪ್ಪತ್ತನೇ ಸಲವೋ ಮೂವತ್ತನೇ ಸಲವೋ ಕೇಳುತ್ತಿದ್ದ. ಮೊದಮೊದಲು ಮಾತೇ ಕೇಳಿಸುತ್ತಿತ್ತು. ಹನ್ನೆರಡು ವರ್ಷ ಯಾವ ಮಾತಿಗೆ ಕಾದಿದ್ದನೋ ಅದೇ ಮಾತು, ಅದೇ ಬಾಯಿಂದ, ಅದೂ ಸುಳ್ಳು. ಆಮೇಲೆ ಮಾತು ಸವೆದುಹೋಯಿತು. ಮಾತಿನ ನಡುವಿನ ಸಂದು ಕೇಳಿಸತೊಡಗಿತು.

ಹತ್ತು ತುಂಡೆಂದರೆ ಒಂಬತ್ತು ಸಂದು. ಕಡ್ಡಿ ರೈಟರ್ ದನಿಯ ಎರಡು ತುಂಡು ಮಾಡಿಸಿಕೊಂಡು, ಪುಕ್ಕಟೆ ತಾಣವೊಂದರಲ್ಲಿ ತಾನೇ ಜೋಡಿಸಿ ಕೇಳಿದ. ಸಂದಿನಲ್ಲಿ ಏನೂ ಇರಲಿಲ್ಲ. ಬಾವಿಗೆ ಬಿದ್ದಷ್ಟು ಮೌನ. ಆದರೆ ಮೇಡಂ ಆಡಿಯೊದ ಸಂದುಗಳಲ್ಲಿ ಗಾಳಿಯಾಡುತ್ತಿತ್ತು. ಯಾವುದೋ ಕೋಣೆಯ ಸದ್ದು. ದನಿ ಪೂರ್ತಿ ಏರಿಸಿದ. ಟಿಕ್. ಟಿಕ್‌ಟಿಕ್. ಟಿಕ್. ಟಿಕ್‌ಟಿಕ್. ಒಂಬತ್ತು ಸಂದಿನಲ್ಲೂ ಅದೇ.

ಕಂಪ್ಯೂಟರ್ ಮೇಷ್ಟ್ರಿಗೆ ಫೋನ್ ಮಾಡಿದ, ರೈಟರ್ ಫೋನಿನಿಂದ.

“ಅದು ತಾನಾಗಿ ಬರಲ್ಲ,” ಎಂದ ಮೇಷ್ಟ್ರು. “ಯಾರೋ ಖಾಲಿ ಕೋಣೆ ಸದ್ದು ರೆಕಾರ್ಡ್ ಮಾಡಿ ಕೆಳಗೆ ಹಾಸಿದಾರೆ, ಜೋಡಿಸಿದ್ದು ಗೊತ್ತಾಗದೇ ಇರಲಿ ಅಂತ. ನಮ್ಮಂಥೋರಿಗೆ ಅದು ಹೊಳೆಯಲ್ಲ. ಸೌಂಡ್ ಕೆಲಸ ಮಾಡೋರ ಅಭ್ಯಾಸ ಅದು.”

ಕಡ್ಡಿ ಇನ್ಸ್‌ಪೆಕ್ಟರ್ ಮುಂದೆ ನಿಂತ. “ಸಾರ್, ಮೊನ್ನೆ ನೀವು ಕೇಳಿದ್ರಲ್ಲ, ನಾನು ಕದ್ದಿಲ್ಲ ಅಂತ ಗ್ಯಾರಂಟಿಯಾಗಿ ಯಾರಿಗೆ ಗೊತ್ತು ಅಂತ. ನಾನು ತಪ್ಪು ಹೇಳಿದೆ. ನನಗೆ ಮಾತ್ರ ಅಲ್ಲ. ಮೈಕ್ ಯಾರು ತಗೊಂಡ್ರೋ ಅವರಿಗೂ ಗೊತ್ತು.”

ಪೆನ್ಸಿಲ್ ಹೆರೆಯುವುದು ನಿಂತಿತು.

ಹನ್ನೊಂದೂವರೆಗೆ ಗುಮಾಸ್ತನ ಹೇಳಿಕೆ ಪಡೆದರು. ಅವನು ಎರಡು ಮಾತಿನಲ್ಲಿ ಮುಗಿಸಿದ. ಬೀಳ್ಕೊಡುಗೆಯ ದಿನ ಮೇಡಂಗೆ ಗೊತ್ತಿಲ್ಲದ ಹಾಗೆ ಅವರ ಹಳೆಯ ಭಾಷಣಗಳನ್ನು ಕೇಳಿಸೋಣ ಎಂದು ಕಮಿಟಿ ಯೋಚಿಸಿತ್ತು. ಹಳೆಯ ರೆಕಾರ್ಡಿಂಗ್ ಹುಡುಕಿ ಜೋಡಿಸಲು ತಾನೇ ಹದಿನೈದು ದಿನದ ಹಿಂದೆ ಹೇಳಿದ್ದೆ ಎಂದ.

“ಯಾರಿಗೆ?”

“ಇನ್ಯಾರಿಗೆ ಸಾರ್, ಮೈಕ್ ಮಾವಂಗೆ.”

*

ಮೈಕ್ ಮಾವ ಯಾರಿಗೂ ಮಾವನಲ್ಲ, ಎಲ್ಲರಿಗೂ ಮಾವ. ಮೂವತ್ತು ವರ್ಷದಿಂದ ಧ್ವನಿವರ್ಧಕ ಬಾಡಿಗೆಗೆ ಕೊಡುವ ಕೆಲಸ. ಸ್ಕೂಲಿನ ಪ್ರತಿ ಕಾರ್ಯಕ್ರಮಕ್ಕೂ ಅವನದೇ ಸೆಟ್ಟು. ಪ್ರತಿ ಸೋಮವಾರದ ಪ್ರಾರ್ಥನೆಗೂ ಬಂದು, ಮೂಲೆಯಲ್ಲಿ ಆಂಪ್ಲಿಫೈಯರ್ ಹಿಂದೆ ಕೂತು, ತಲೆ ಒಂದಿಷ್ಟು ವಾಲಿಸಿ ಕೇಳುತ್ತಿದ್ದ. ಮಕ್ಕಳು ತಮಾಷೆಗೆ ಮೈಕಿನ ಹತ್ತಿರ ಬಾಯಿ ತಂದರೆ ಬೈಯುತ್ತಿರಲಿಲ್ಲ, ಗುಂಡಿ ತಿರುಗಿಸಿ ಸುಮ್ಮನಾಗಿಸುತ್ತಿದ್ದ, ಅಷ್ಟೆ.

ಮಧ್ಯಾಹ್ನ ಒಂದು ಗಂಟೆಗೆ ಕಡ್ಡಿ ಮತ್ತು ರೈಟರ್ ಮಫ್ತಿಯಲ್ಲಿ ಅವನ ಅಂಗಡಿಗೆ ಹೋದರು. ಗೋಡೆಯುದ್ದಕ್ಕೂ ಸ್ಪೀಕರ್ ಡಬ್ಬಿಗಳು, ಮೊಳೆಗೆ ನೇತುಬಿದ್ದ ಕೇಬಲ್ ಸುರುಳಿಗಳು, ಒಂದು ಹಳೆಯ ಕಂಪ್ಯೂಟರು. ಮೈಕ್ ಮಾವ ಬೆಸುಗೆ ಕಡ್ಡಿ ಹಿಡಿದು ವೈರಿಗೆ ಸೀಸ ಹಾಕುತ್ತಿದ್ದವನು ತಲೆ ಎತ್ತಿದ. ಕಡ್ಡಿಯನ್ನು ನೋಡಿದ. ಸೀಸ ಕರಗಿ ಮೇಜಿನ ಮೇಲೆ ತೊಟ್ಟಿಕ್ಕಿತು.

“ನಮ್ಮ ಕಡೆ ಒಂದು ಫಂಕ್ಷನ್ ಇದೆ, ಸೆಟ್ಟು ಬೇಕಿತ್ತು,” ಎಂದರು ರೈಟರ್.

“ಕೂತ್ಕೊಳಿ,” ಎಂದ ಮೈಕ್ ಮಾವ. ಕಣ್ಣು ಇನ್ನೂ ಕಡ್ಡಿಯ ಮೇಲೇ. “ನೀನೂ ಕೂತ್ಕೋ ಕಣಪ್ಪ.”

ಕಡ್ಡಿ ಕೂರಲಿಲ್ಲ. ನೆತ್ತಿಯ ಮೇಲೆ ಫ್ಯಾನು ತಿರುಗುತ್ತಿತ್ತು. ಅದರ ಒಂದು ರೆಕ್ಕೆ ಸೊಟ್ಟಗಿತ್ತು.

ಟಿಕ್. ಟಿಕ್‌ಟಿಕ್. ಟಿಕ್. ಟಿಕ್‌ಟಿಕ್.

ಗ್ಯಾರೇಜಿನಲ್ಲಿ ಎಂಜಿನ್ನಿನ ಸದ್ದು ಕೇಳಿಯೇ ಯಾವ ಬೋಲ್ಟು ಸಡಿಲ ಎಂದು ಹೇಳುತ್ತಿದ್ದವನಿಗೆ ಎರಡನೇ ಸಲ ಕೇಳುವ ಅಗತ್ಯ ಇರಲಿಲ್ಲ. ಕೈ ಮುಷ್ಟಿಯಾಯಿತು. ರೈಟರ್ ಅದನ್ನು ಕಂಡು, ಬಾಡಿಗೆ ವಿಚಾರಿಸುವ ನೆಪದಲ್ಲಿ ನಡುವೆ ಬಂದು ನಿಂತು, ಬೆನ್ನ ಹಿಂದೆ ತಮ್ಮ ಫೋನನ್ನು ಅವನ ಕೈಗೆ ತುರುಕಿದರು. ಕಡ್ಡಿ ರೆಕಾರ್ಡ್ ಗುಂಡಿ ಒತ್ತಿದ. ಒಂದು ನಿಮಿಷ ಫ್ಯಾನು ಮಾತಾಡಿತು.

ಮೇಷ್ಟ್ರನ್ನು ಮತ್ತೆ ಠಾಣೆಗೆ ಕರೆಸಿ, ಫ್ಯಾನಿನ ಸದ್ದನ್ನೂ ಆಡಿಯೊದ ಸಂದನ್ನೂ ಅವನ ಕಂಪ್ಯೂಟರಿನಲ್ಲಿ ಒಂದರ ಕೆಳಗೊಂದು ಇಟ್ಟು ನೋಡಿದರು. ಏರಿಳಿತದ ಗೆರೆಗಳು ಅವಳಿ ಮಕ್ಕಳ ಹಾಗಿದ್ದವು. ಇನ್ಸ್‌ಪೆಕ್ಟರ್ ಸರ್ಚ್ ವಾರಂಟಿಗೆ ಅರ್ಜಿ ಬರೆದರು.

*

ಗುರುವಾರ ಮಧ್ಯಾಹ್ನ ಮೂರು ಇಪ್ಪತ್ತು. ಇಬ್ಬರು ಪಂಚರ ಸಮ್ಮುಖದಲ್ಲಿ ಅಂಗಡಿಯ ಶೋಧನೆ ಶುರುವಾಯಿತು. ಪಂಚರಲ್ಲಿ ಒಬ್ಬ ಪಕ್ಕದ ದರ್ಜಿ, ಇನ್ನೊಬ್ಬ ಎದುರಿನ ಬೀಗದ ರಿಪೇರಿಯವನು. ಮೈಕ್ ಮಾವ ಯಾವುದಕ್ಕೂ ಅಡ್ಡ ಬರಲಿಲ್ಲ. ಕಂಪ್ಯೂಟರ್ ತೆರೆದು ಪಾಸ್‌ವರ್ಡ್ ಕೊಟ್ಟ. ಹತ್ತು ತುಂಡುಗಳೂ ಒಂದು ಫೋಲ್ಡರಿನಲ್ಲಿ ಸಾಲಾಗಿ ಕೂತಿದ್ದವು.

“ನೀವೇ ಮಾಡಿದ್ದಾ?” ಎಂದರು ಇನ್ಸ್‌ಪೆಕ್ಟರ್.

“ನಾನೇ.”

“ಹೆಡ್ ಮೇಡಂ ಮೇಲೆ ಏನು ದ್ವೇಷ?”

“ದ್ವೇಷ ಯಾಕೆ ಸಾರ್. ಮೂವತ್ತು ವರ್ಷ ಅನ್ನ ಹಾಕಿದ ಸ್ಕೂಲು.”

“ಮತ್ತೆ?”

ಮೈಕ್ ಮಾವ ಎದ್ದು ಕಬ್ಬಿಣದ ಬೀರು ತೆರೆದ. ಮೇಲಿನ ಖಾನೆಯಿಂದ ಹಳೆಯ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು ತಂದು ಮೇಜಿನ ಮೇಲೆ ಬಿಚ್ಚಿದ. ಬೆಳ್ಳಿಬಣ್ಣದ ಮೈಕು. ಜಾಲರಿಯ ಒಂದು ಕಡೆ ತಗ್ಗಿತ್ತು. ಹಿಡಿಯ ಮೇಲೆ ಬಿಳಿ ಪೇಂಟಿನಲ್ಲಿ ಸ್ಕೂಲಿನ ಮೊದಲಕ್ಷರ.

ದರ್ಜಿ, “ಅಯ್ಯಯ್ಯೋ ಮಾವ!” ಎಂದ.

ಕಡ್ಡಿ ಅದನ್ನು ಮುಟ್ಟಲಿಲ್ಲ. ಹನ್ನೆರಡು ವರ್ಷದ ಹಿಂದೆ ಒಂದು ಶುಕ್ರವಾರ ಸಂಜೆ ಕಾರ್ಯಕ್ರಮ ಮುಗಿದ ಮೇಲೆ ಸ್ಕೂಲಿನ ಸ್ವಂತ ಮೈಕಿನ ಡಬ್ಬಿಯನ್ನು ಆಫೀಸಿಗೆ ಹೊತ್ತು ಇಟ್ಟವನು ತಾನೇ. ಸೋಮವಾರ ಡಬ್ಬಿ ಖಾಲಿ. ಕೊನೆಗೆ ಮುಟ್ಟಿದವನೇ ಕಳ್ಳ.

“ಗುಂಯ್ ಅಂತಿತ್ತು,” ಎಂದ ಮೈಕ್ ಮಾವ, ಇನ್ಸ್‌ಪೆಕ್ಟರಿಗಲ್ಲ, ಕಡ್ಡಿಗೆ. “ರಿಪೇರಿ ಮಾಡಿ ಸೋಮವಾರ ತಂದಿಟ್ರಾಯ್ತು ಅಂತ ಶನಿವಾರ ತಗೊಂಡು ಬಂದೆ. ಯಾರನ್ನೂ ಕೇಳ್ಲಿಲ್ಲ. ರಿಪೇರಿ ಆಗ್ಲಿಲ್ಲ, ಇಲ್ಲೇ ಬಿಟ್ಟು ಬೇರೆ ಮೈಕ್ ತಗೊಂಡು ಹೋದೆ. ನಾನು ವೈರ್ ಸಿಕ್ಕಿಸ್ತಾ ಇದೀನಿ, ಆಗ್ಲೇ ನಿನ್ನ ವೇದಿಕೆ ಹತ್ತಿಸಿಬಿಟ್ರು. ‘ಸ್ಕೂಲಿಂದ ಒಂದು ಗುಂಡುಸೂಜಿ ಹೊತ್ಕೊಂಡು ಹೋದವರೂ ಮತ್ತೆ ಈ ಗೇಟು ದಾಟಬಾರದು’ ಅಂದ್ರು ಮೇಡಂ. ನನ್ನ ವರ್ಷದ ಕಾಂಟ್ರ್ಯಾಕ್ಟ್ ಅದೇ ವಾರ ಆಗೋದಿತ್ತು. ಪ್ರಾರ್ಥನೆ ಮುಗೀಲಿ, ಒಳಗೆ ಹೋಗಿ ಹೇಳ್ತೀನಿ ಅಂದ್ಕೊಂಡೆ. ಮುಗಿಯೋ ಹೊತ್ತಿಗೆ ನೀನು ಓಡಿಹೋಗಿದ್ದೆ. ನಾಳೆ ಹೇಳೋಣ ಅಂದ್ಕೊಂಡೆ. ನಾಳೆ ನಾಳೆ ಅಂತಾನೇ…”

“ನಮ್ಮಪ್ಪ ಇನ್ನೂ ಹತ್ತು ವರ್ಷ ಬದುಕಿದ್ದ,” ಎಂದ ಕಡ್ಡಿ. ದನಿ ಅವನದೇ ಅನ್ನಿಸಲಿಲ್ಲ. “ಅವನಿಗಾದ್ರೂ ಹೇಳಬಹುದಿತ್ತಲ್ಲ?”

“ಎರಡು ಸಲ ಠಾಣೆ ಬಾಗಿಲವರೆಗೂ ಬಂದಿದ್ದೆ.”

“ಬಾಗಿಲವರೆಗೂ!”

ಕಡ್ಡಿ ಒಂದೇ ಹೆಜ್ಜೆಗೆ ಅವನ ಕೊರಳಪಟ್ಟಿ ಹಿಡಿದ. ಮೇಜಿನ ಮೇಲಿನ ಸೀಸದ ಡಬ್ಬಿ ಉರುಳಿತು. ಮೈಕ್ ಮಾವ ಕೈ ಎತ್ತಲಿಲ್ಲ, ಮುಖವನ್ನೂ ಪಕ್ಕಕ್ಕೆ ತಿರುಗಿಸಲಿಲ್ಲ.

“ಹೊಡಿ ಕಣಪ್ಪ. ಅಷ್ಟು ಬಾಕಿ ಇದೆ ನನಗೆ.”

ಫ್ಯಾನು ಟಿಕ್ ಎಂದಿತು, ಟಿಕ್‌ಟಿಕ್ ಎಂದಿತು. ಕಡ್ಡಿ ಬೆರಳು ಒಂದೊಂದೇ ಬಿಡಿಸಿದ. ಬಿಡಿಸಿ, ಕೊರಳಪಟ್ಟಿಯನ್ನು ಸರಿಮಾಡಿಬಿಟ್ಟ. ಯಾಕೆಂದು ಅವನಿಗೂ ಗೊತ್ತಾಗಲಿಲ್ಲ.

ರೈಟರ್ ಬರೆದುಕೊಂಡ ಹೇಳಿಕೆಯಲ್ಲಿ ಉಳಿದದ್ದು ಹೀಗಿದೆ. ಗುಮಾಸ್ತ ಹೇಳಿದ ಕೆಲಸಕ್ಕೆಂದು ಹಳೆಯ ರೆಕಾರ್ಡಿಂಗ್ ಹುಡುಕುವಾಗ ಆ ಸೋಮವಾರದ್ದೂ ಸಿಕ್ಕಿತು. ಸೆಟ್ಟು ಹಾಕಿದಲ್ಲೆಲ್ಲ ರೆಕಾರ್ಡ್ ಗುಂಡಿ ಒತ್ತಿಡುವುದು ಅವನ ಅಭ್ಯಾಸ. ಇಡೀ ಕೇಳಿದ. ಮೇಡಂ ಬಯ್ಗುಳದ ನಡುವೆ ಒಂದು ಚಿಕ್ಕ ದನಿ ಮೈಕಿಗೆ ಬಿದ್ದಿತ್ತು. ಅಂದು ಸ್ಪೀಕರಿನಲ್ಲಿ ಅದು ಯಾರಿಗೂ ಕೇಳಿಸಿರಲಿಲ್ಲ, ಯಾಕೆಂದರೆ ಹುಡುಗ ಬಾಯಿ ತೆರೆದಾಗಲೆಲ್ಲ ಗುಂಡಿ ತಿರುಗಿಸಿ ತಗ್ಗಿಸಿದವನು ಅವನೇ. ಅದಾದಮೇಲೆ ಅವನಿಗೆ ಊಟ ಸೇರಲಿಲ್ಲ. ಯಾರು ಹೋಗಿ ಕೇಳಿಕೊಂಡರೂ ಮೇಡಂ ಕ್ಷಮೆ ಕೇಳುವವರಲ್ಲ, ತಾನು ಒಪ್ಪಿಕೊಳ್ಳುವ ಗಂಡಸಲ್ಲ. ಅಂತರ್ಜಾಲದಲ್ಲಿ ಸದ್ದು ತೊಳೆಯುವ ತಾಣ ಹುಡುಕುವಾಗ ಪಕ್ಕದಲ್ಲೇ ದನಿ ನಕಲಿನ ಜಾಹೀರಾತು ಬಂತು. ಉಚಿತ ಅಂತಿತ್ತು. ‘ಈ ದನಿ ಬಳಸಲು ಹಕ್ಕಿದೆ’ ಎಂಬ ಚೌಕದ ಮುಂದೆ ಅರ್ಧ ಗಂಟೆ ಕೂತು ಟಿಕ್ ಹಾಕಿದ. ತಾನು ಹೇಳಬೇಕಾಗಿದ್ದನ್ನು ಅವರ ಬಾಯಿಂದ ಹೇಳಿಸಿದ.

“ಅನುಮಾನ ನಿನ್ನ ಮೇಲೇ ಬರುತ್ತೆ ಅಂತ ಹೊಳೀಲೇ ಇಲ್ಲ ಕಣಪ್ಪ,” ಎಂದ, ಜೀಪು ಹತ್ತುವಾಗ. “ನಿನಗೆ ಒಳ್ಳೇದಾಗುತ್ತೆ ಅಂದ್ಕೊಂಡಿದ್ದೆ.”

ನಾಲ್ಕು ಐವತ್ತಕ್ಕೆ ದಸ್ತಗಿರಿ. ಜಪ್ತಿ ಮಾಡಿದ ಸ್ವತ್ತು: ಕಂಪ್ಯೂಟರ್ ಒಂದು, ರೆಕಾರ್ಡರ್ ಒಂದು, ಮೈಕ್ ಒಂದು. ಸಂಜೆ ಮೇಲಿನವರಿಗೆ ಹೋದ ವರದಿಯಲ್ಲಿ ಕಡ್ಡಿಯ ಹೆಸರು ಪತ್ತೆ ಹಚ್ಚಿದವರ ಸಾಲಿನಲ್ಲಿತ್ತು.

*

ಶುಕ್ರವಾರ ಬೆಳಗ್ಗೆ ಹತ್ತೂವರೆ. ರೆಕಾರ್ಡರಿನಲ್ಲಿ ಇರುವುದನ್ನು ಪಂಚನಾಮೆಗೆ ಅಕ್ಷರಕ್ಕಿಳಿಸುವ ಕೆಲಸ ರೈಟರ್ ಮೇಜಿನ ಮೇಲೆ ನಡೆದಿತ್ತು. ಕಡ್ಡಿ ಎದುರಿಗೆ ಕೂತಿದ್ದ. ಗಂಟೆ ಹೊಡೆದಂಥ ಹೆಣ್ಣು ದನಿ ಒಂದೇ ಸಮ ಬಯ್ಯುತ್ತಿತ್ತು. ಅದರ ಅಡಿಯಲ್ಲಿ, ಇನ್ನೂ ಒಡೆಯದ ಹುಡುಗನ ದನಿ: “ನಾನು ತಗೊಂಡಿಲ್ಲ ಮೇಡಂ.” ಬಯ್ಗುಳ. “ನಾನು ತಗೊಂಡಿಲ್ಲ ಮೇಡಂ.” ಬಯ್ಗುಳ, ಸಾವಿರ ಮಕ್ಕಳ ನಗು. “ತಗೊಂಡಿಲ್ಲ ಮೇಡಂ.”

ರೈಟರ್ ಸಲ ಎಣಿಸಿ ಅಂಚಿನಲ್ಲಿ ಗೀಟು ಹಾಕುತ್ತಿದ್ದರು. ಹನ್ನೊಂದು. ಕನ್ನಡಕ ತೆಗೆದು ಒರೆಸಿಕೊಂಡರು. “ಧೂಳು,” ಎಂದರು.

ಕಡ್ಡಿ ಅಪ್ಪನನ್ನು ನೆನೆದ. ಈ ಹನ್ನೊಂದರಲ್ಲಿ ಒಂದನ್ನು ಕೇಳಿಸಿದ್ದರೆ ಸಾಕಿತ್ತು ಅವನಿಗೆ.

ಅಷ್ಟರಲ್ಲಿ ಹೆಡ್ ಮೇಡಂ ಬಂದರು. ಜೊತೆಗೆ ಕಮಿಟಿಯ ಇಬ್ಬರು, ಗುಮಾಸ್ತ. ಶನಿವಾರದ ಬೀಳ್ಕೊಡುಗೆ ನಡೆಯುವುದು ಮತ್ತೆ ಖಾತ್ರಿಯಾಗಿತ್ತು. ರೈಟರ್ ರೆಕಾರ್ಡರ್ ನಿಲ್ಲಿಸಿದರು. ಮುಂದಿನ ಕೋಣೆಯ ಬೆಂಚಿನ ಮೇಲೆ ಅಂದೂ ಜನರಿದ್ದರು. ನೀರಿನ ಪೈಪಿನ ಇಬ್ಬರೂ ರಾಜಿ ಕಾಗದಕ್ಕೆ ಸಹಿ ಹಾಕಲು ಬಂದು ಕೂತಿದ್ದರು.

“ಮೇಡಂ, ಆವತ್ತಿನ ರೆಕಾರ್ಡಿಂಗ್ ಇದೆ. ಕೇಳ್ತೀರಾ?” ಎಂದರು ಇನ್ಸ್‌ಪೆಕ್ಟರ್.

“ಅದೆಲ್ಲ ಈಗ ಯಾಕೆ ಸಾರ್. ಆಗಿದ್ದು ಆಗಿಹೋಯ್ತು.” ಮೇಡಂ ಪೂರಕ ಹೇಳಿಕೆಗೆ ಸಹಿ ಹಾಕಿದರು. ಪೆನ್ನು ವಾಪಸ್ ಕೊಟ್ಟರು. ಕಡ್ಡಿಯ ಕಡೆ ತಿರುಗಿದರು. ಏನೋ ಹೇಳಬೇಕೆಂದು ಬಂದವರ ಮುಖ ಅದು. ಗಂಟಲು ಸರಿಮಾಡಿಕೊಂಡರು. ಕಡ್ಡಿ ಎದ್ದು ನಿಂತ. ಕೋಣೆಯಲ್ಲಿದ್ದವರೆಲ್ಲ ಕಿವಿ ಕೊಟ್ಟರು.

“ಅಲ್ಲ ಕಣೋ,” ಎಂದಿತು ಆ ಗೊರಗೊರ ದನಿ, ಸಾಕಷ್ಟು ಮೆತ್ತಗೆ. “ತಗೊಂಡಿಲ್ಲ ಅಂತ ಆವತ್ತೇ ಒಂದು ಮಾತು ಬಾಯಿಬಿಟ್ಟು ಹೇಳಿದ್ರೆ ಇಷ್ಟೆಲ್ಲ ಆಗ್ತಿತ್ತಾ?”

ರೈಟರ್ ಬೆರಳು ರೆಕಾರ್ಡರಿನ ಗುಂಡಿಯ ಮೇಲೆ ಬಂತು. ಕಡ್ಡಿಯ ಮುಖ ನೋಡಿದರು. ಒತ್ತಲೇ ಎಂದು ಹುಬ್ಬಿನಲ್ಲೇ ಕೇಳಿದರು.

ಕಡ್ಡಿ ಮೇಜಿನ ಮೇಲಿದ್ದ ಟೋಪಿ ತೆಗೆದುಕೊಂಡ. ತಲೆಗಿಟ್ಟು ನೆಟ್ಟಗೆ ಮಾಡಿಕೊಂಡ. ಮೇಡಂ ಪಕ್ಕದಿಂದ, ಬೆಂಚಿನವರ ಮೊಣಕಾಲುಗಳ ನಡುವಿನ ಇರುಕಿನಿಂದ ದಾಟಿ, ಬಾಗಿಲು ತಳ್ಳಿಕೊಂಡು, ಬಿಸಿಲಿಗೆ ನಡೆದುಹೋದ.